ನಿಮ್ಮ ಅಂಗಡಿ ಈಗ ಭರ್ಜರಿಯಾಗಿ ನಡೆಯುತ್ತಿದೆ, ಸಾಹೇಬರೇ

ಶ್ರೀಮಾನ್ ಹೆನ್ರಿ ಓಲ್ಡನ್‌ಬರ್ಗ್ ಸಾಹೇಬರ ಸನ್ನಿಧಾನಕ್ಕೆ,
ಲಂಡನ್ನಿನ ರಾಯಲ್ ಸೊಸೈಟಿಯ ಮೊದಲ ಕಾರ್ಯದರ್ಶಿಗಳಲ್ಲಿ ಒಬ್ಬರು, ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯ ಸ್ಥಾಪಕ ಸಂಪಾದಕರು, ಸದ್ಯ ಸ್ವರ್ಗವಾಸಿಗಳು.

ಬಯಲುಸೀಮೆಯ ಜಿಲ್ಲಾ ಕೇಂದ್ರವೊಂದರ ಸರ್ಕಾರಿ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುವ ಮೇಷ್ಟ್ರು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ತೀರಿಕೊಂಡು ಮುನ್ನೂರೈವತ್ತು ವರ್ಷ ಆಗುತ್ತ ಬಂತು. ಇಷ್ಟು ತಡವಾಗಿ ಕಾಗದ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ಜರ್ನಲ್ಲಿಗೆ ಪೇಪರ್ ಕಳಿಸಿ ಉತ್ತರಕ್ಕೆ ಕಾದವರ ಲೆಕ್ಕದಲ್ಲಿ ಇದು ತಡವೇ ಅಲ್ಲ.

ಮೊದಲು ಸಂತೋಷದ ಸುದ್ದಿ. 1665ರ ಮಾರ್ಚ್ ತಿಂಗಳಲ್ಲಿ ತಾವು ಸ್ವಂತ ಕಾಸು ಹಾಕಿ ತೆರೆದ ಅಂಗಡಿ ಈಗ ಭರ್ಜರಿಯಾಗಿ ನಡೆಯುತ್ತಿದೆ. ತಮ್ಮ ಕಾಲದ ಪಾಡು ಪುಸ್ತಕಗಳಲ್ಲಿ ಓದಿದ್ದೇನೆ. ಪತ್ರಿಕೆ ಹುಟ್ಟಿದ ವರ್ಷವೇ ಲಂಡನ್ನಿಗೆ ಪ್ಲೇಗು ವಕ್ಕರಿಸಿ, ಅಚ್ಚು ಹಾಕಿಸುವ ಕೆಲಸವನ್ನು ಕೆಲಕಾಲ ಆಕ್ಸ್‌ಫರ್ಡಿಗೆ ಸಾಗಿಸಬೇಕಾಯಿತು. ಮರುವರ್ಷ ಊರಿಗೇ ಬೆಂಕಿ ಬಿದ್ದು ಪುಸ್ತಕ ವ್ಯಾಪಾರಿಗಳ ದಾಸ್ತಾನು ಸುಟ್ಟುಹೋಯಿತು. ಅದರ ಮರುವರ್ಷ, ಪರದೇಶದವರ ಜೊತೆ ಈ ಮನುಷ್ಯ ಇಷ್ಟೊಂದು ಕಾಗದ ಬರೆದುಕೊಳ್ಳುವುದೇಕೆ ಎಂಬ ಗುಮಾನಿಯ ಮೇಲೆ ತಮ್ಮನ್ನೇ ಲಂಡನ್ ಟವರಿನ ಸೆರೆಗೆ ತಳ್ಳಿದರು. ಹೊರದೇಶದ ಕಾಗದಗಳನ್ನು ತಮ್ಮ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ‘ಗ್ರುಬೆಂಡಾಲ್’ ಎಂಬ ಕಳ್ಳಹೆಸರಿಗೆ ತರಿಸಿಕೊಳ್ಳುತ್ತಿದ್ದಿರಂತೆ. ಲಾಗಿನ್ ಐಡಿ ಎಂಬುದನ್ನು ಕಂಡುಹಿಡಿದವರು ತಾವೇ ಎಂದು ನನ್ನ ನಂಬಿಕೆ. ಇಷ್ಟೆಲ್ಲ ಪಟ್ಟರೂ ಪತ್ರಿಕೆಯ ಆದಾಯದಲ್ಲಿ ಸಂಸಾರ ಸಾಗಲಿಲ್ಲ.

ಅದು ತಮ್ಮದೇ ತಪ್ಪು. ತಮಗೆ ವ್ಯಾಪಾರ ಗೊತ್ತಿರಲಿಲ್ಲ. ಇವತ್ತು ನಾಲ್ಕಾರು ಕಂಪನಿಗಳು ಈ ಕಸುಬಿನ ದೊಡ್ಡ ಪಾಲನ್ನು ಹಿಡಿದು ಕೂತಿವೆ. ಅವುಗಳಲ್ಲಿ ಹಿರಿಯಣ್ಣನಾದ ಎಲ್ಸೆವಿಯರ್ ತನ್ನ ಮಾತೃಸಂಸ್ಥೆಯಲ್ಲಿ ಸೇರಿರುವ ವಿಭಾಗಕ್ಕೆ ನೂರು ರೂಪಾಯಿ ವಹಿವಾಟಿನಲ್ಲಿ ಮೂವತ್ತೈದಕ್ಕೂ ಮಿಕ್ಕಿ ಲಾಭ. ಚಿನ್ನದ ವ್ಯಾಪಾರಿಗೂ ಇಲ್ಲದ ಭಾಗ್ಯ. ಇದರ ಗುಟ್ಟು ತಮಗೆ ಹೀಗೆ ಹೇಳಿದರೆ ತಿಳಿದೀತು: ರೈತ ಹಸು ಸಾಕಿ, ಹಿಂಡಿ ಹಾಕಿ, ಹಾಲು ಕರೆದು ಡೈರಿಗೆ ತರುತ್ತಾನೆ. ಹಾಲಿಗೆ ದುಡ್ಡಿಲ್ಲ. ಫ್ಯಾಟ್ ಎಷ್ಟಿದೆ ಎಂದು ಪಕ್ಕದ ಊರಿನ ರೈತರು ಬಂದು ಪುಕ್ಕಟೆಯಾಗಿ ಪರೀಕ್ಷೆ ಮಾಡಿಕೊಡುತ್ತಾರೆ. ಹಾಲು ಒಪ್ಪಿತವಾದರೆ ಸುರಿದದ್ದಕ್ಕೆ ರೈತನೇ ಫೀಸು ಕಟ್ಟುತ್ತಾನೆ, ಇಲ್ಲವೇ ಫೀಸು ಕಟ್ಟದೆ ಸುರಿದು, ಸಂಜೆ ಅದೇ ಹಾಲನ್ನು ಪ್ಯಾಕೆಟ್ಟಿನಲ್ಲಿ ಕೊಂಡುಕೊಳ್ಳುತ್ತಾನೆ. ಮಂಡ್ಯದ ಯಾವ ರೈತನೂ ಒಪ್ಪದ ಈ ಕರಾರಿಗೆ ಜಗತ್ತಿನ ಅತ್ಯಂತ ಬುದ್ಧಿವಂತರೆಲ್ಲ ಕಣ್ಣುಮುಚ್ಚಿ ರುಜು ಹಾಕುತ್ತೇವೆ. ಅದಕ್ಕೆ ಹಕ್ಕುಸ್ವಾಮ್ಯ ವರ್ಗಾವಣೆ ಪತ್ರ ಎಂದು ಹೆಸರು.

ಈಗ ನನ್ನ ವಿಚಾರಕ್ಕೆ ಬರುತ್ತೇನೆ. ನಮ್ಮೂರ ಕೆರೆಯ ನೀರಿನಲ್ಲಿ ಕಾಲದಿಂದ ಕಾಲಕ್ಕೆ ಯಾವ ಯಾವ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ, ಯಾವುವು ಸಾಯುತ್ತವೆ ಎಂದು ನಾನೂ ನನ್ನ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯೂ ಲೆಕ್ಕ ಇಟ್ಟೆವು. ನೀರು ತರುವುದು, ಸೋಸುವುದು, ಬೆಳೆಸುವುದು, ಎಣಿಸುವುದು, ಇವೆಲ್ಲ ಸಂಶೋಧನೆಯ ಹಗುರ ಭಾಗ. ನಿಜವಾದ ವಿಜ್ಞಾನ ಆರಂಭವಾಗುವುದು ‘ಲೇಖಕರಿಗೆ ಸೂಚನೆಗಳು’ ಎಂಬ ಪುಟ ತೆರೆದಾಗ.

ತಮ್ಮ ಕಾಲದಲ್ಲಿ ಹೇಗಿತ್ತೋ ಕಾಣೆ, ಈಗ ಒಂದು ಸಂಗತಿ ನಿಜವಾಗಬೇಕಾದರೆ ಮೊದಲು ಅದರ ಚುಕ್ಕೆ ಅಲ್ಪವಿರಾಮಗಳು ಸರಿಯಾಗಬೇಕು. ಉಲ್ಲೇಖಪಟ್ಟಿಯಲ್ಲಿ ಒಂದು ಪತ್ರಿಕೆಗೆ ಇಸವಿ ಲೇಖಕರ ಹೆಸರಿನ ಪಕ್ಕದಲ್ಲೇ ಆವರಣದೊಳಗೆ ಕೂರಬೇಕು, ಇನ್ನೊಂದಕ್ಕೆ ಕಟ್ಟಕಡೆಗೆ ಬರಬೇಕು. ಸಂಪುಟದ ಸಂಖ್ಯೆ ಇಲ್ಲಿ ದಪ್ಪಕ್ಷರ, ಅಲ್ಲಿ ಓರೆಯಕ್ಷರ. ಇನಿಷಿಯಲ್ಲಿನ ಮುಂದೆ ಚುಕ್ಕೆ ಬೇಕು, ಚುಕ್ಕೆ ಬೇಡ, ಚುಕ್ಕೆ ಬೇಕು ಆದರೆ ನಡುವೆ ಜಾಗ ಬೇಡ. ಒಂದು ಕಡೆ ತಿರಸ್ಕೃತವಾದ ಪೇಪರನ್ನು ಇನ್ನೊಂದು ಕಡೆಗೆ ಕಳಿಸುವಾಗ ಒಳಗಿನ ವಿಜ್ಞಾನದ ಒಂದಕ್ಷರವೂ ಬದಲಾಗುವುದಿಲ್ಲ, ಚುಕ್ಕೆಗಳೆಲ್ಲ ಮನೆ ಬದಲಾಯಿಸುತ್ತವೆ. ಇದನ್ನು ಮಾಡಿಕೊಡುವ ಸಾಫ್ಟ್‌ವೇರುಗಳಿವೆ. ಅವು ಮಾಡಿಕೊಟ್ಟದ್ದನ್ನು ತಿದ್ದಲು ವಿದ್ಯಾರ್ಥಿಗಳಿದ್ದಾರೆ.

ಚಿತ್ರಗಳಿಗೆ ಇಂಚಿಗೆ ಮುನ್ನೂರು ಚುಕ್ಕೆ, ಗೆರೆಯ ಚಿತ್ರವಾದರೆ ಸಾವಿರ. ಮುಖ್ಯಾಂಶಗಳು ಎಂಬ ಇನ್ನೊಂದು ಕಡತ: ಮೂರರಿಂದ ಐದು ಸಾಲು, ಒಂದೊಂದು ಸಾಲಿಗೆ ಖಾಲಿ ಜಾಗವೂ ಸೇರಿ 85 ಅಕ್ಷರ ಮೀರುವಂತಿಲ್ಲ. ಮೂರು ಮಳೆಗಾಲದ ಕೆರೆಯನ್ನು 85 ಅಕ್ಷರಕ್ಕೆ ಇಳಿಸಿ ನೋಡಿ, ಸಾಹೇಬರೇ, ಸರ್ವಜ್ಞನಿಗೂ ಬೆವರು ಬಂದೀತು. ಆಮೇಲೆ ಚಿತ್ರಸಾರಾಂಶ, ಓದಲು ಪುರುಸೊತ್ತಿಲ್ಲದ ವಿಜ್ಞಾನಿಗಳಿಗಾಗಿ ಇಡೀ ಪ್ರಬಂಧವನ್ನು ಬಾಣದ ಗುರುತುಗಳ ಒಂದು ಬೊಂಬೆಚಿತ್ರವಾಗಿ ಬರೆಯುವುದು. ಆಮೇಲೆ ಸಂಪಾದಕರಿಗೆ ಮುಖಪತ್ರ. ‘ಇಂಥದ್ದನ್ನು ಇದುವರೆಗೆ ಯಾರೂ ಮಾಡಿಲ್ಲ’ ಎಂದು ಅದರಲ್ಲಿ ಒಮ್ಮೆ, ‘ತಮ್ಮ ಓದುಗರಿಗೆ ಇದು ಬಹಳ ಉಪಯುಕ್ತ’ ಎಂದು ಒಮ್ಮೆ ಬರೆಯತಕ್ಕದ್ದು. ಪತ್ರಿಕೆ ಬದಲಾದಾಗ ಹಳೆಯ ಸಂಪಾದಕರ ಹೆಸರು ಅಳಿಸಿದ್ದೇವೆಯೇ ಎಂದು ನೋಡಿಕೊಳ್ಳತಕ್ಕದ್ದು.

ಹೆಸರಿನ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ವಿದ್ಯಾರ್ಥಿನಿಗೆ ಸರ್‌ನೇಮ್ ಇಲ್ಲ. ನಮ್ಮ ಕಡೆಯ ಬಹಳ ಜನಕ್ಕೆ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು ಎರಡೂ ಇನಿಷಿಯಲ್ಲಿನೊಳಗೆ ಮಡಿಸಿಕೊಂಡು ಕೂತಿರುತ್ತವೆ. ಪೇಪರ್ ಕಳಿಸುವ ಪೋರ್ಟಲ್ಲಿಗೆ ಇದು ಅರ್ಥವಾಗದು. ಸರ್‌ನೇಮಿನ ಚೌಕದ ಪಕ್ಕ ಕೆಂಪು ನಕ್ಷತ್ರ ಇದೆ. ತುಂಬದೆ ಮುಂದಿನ ಪುಟ ತೆರೆಯದು. ಕೊನೆಗೆ ಅಪ್ಪನ ಹೆಸರು ಬಿಡಿಸಿ ಬರೆದಳು. ಪೇಪರ್ ಅಚ್ಚಾದರೆ ಜರ್ಮನಿಯವರೂ ಜಪಾನಿನವರೂ ಈ ಕೆಲಸವನ್ನು ಆ ಅಪ್ಪನ ಹೆಸರಿನಲ್ಲೇ ಉಲ್ಲೇಖಿಸುತ್ತಾರೆ. ಅವರು ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹಾಕುವವರು. ಮಗಳು ಏನು ಓದುತ್ತಿದ್ದಾಳೆ ಎಂದು ಕೇಳಿದರೆ ‘ಅದೇ, ನೀರಿಂದು’ ಎನ್ನುತ್ತಾರೆ.

ಯಾರು ಏನು ಮಾಡಿದರು ಎಂದು ಹೇಳುವುದಕ್ಕೂ ಹದಿನಾಲ್ಕು ಪಾತ್ರಗಳ ಒಂದು ಸಿದ್ಧ ಪಟ್ಟಿ ಇದೆ. ಪರಿಕಲ್ಪನೆ, ವಿಧಾನ, ಮೇಲ್ವಿಚಾರಣೆ, ಹಣ ತಂದದ್ದು, ಹೀಗೆ. ಸೊಂಟಮಟ್ಟ ಕೆಸರಿಗಿಳಿದು ಬಾಟಲಿ ತುಂಬಿಕೊಟ್ಟ ನಮ್ಮ ಅಟೆಂಡರ್ ಯಾವ ಪಾತ್ರಕ್ಕೂ ಹೊಂದಲಿಲ್ಲ. ವಿಭಾಗದ ಮುಖ್ಯಸ್ಥರು ಮಾತ್ರ ಎಲ್ಲದಕ್ಕೂ ಹೊಂದುತ್ತಾರೆ. ಈ ವಿಷಯದಲ್ಲಿ ಅಮೆರಿಕದ ಮಿಷಿಗನ್‌ನ ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್ಟನ್ ನನಗೆ ಆದರ್ಶ. 1975ರಲ್ಲಿ ಒಬ್ಬರೇ ಬರೆದ ಪ್ರಬಂಧದ ಉದ್ದಕ್ಕೂ ‘ನಾವು’ ಎಂದು ಟೈಪು ಮಾಡಿಬಿಟ್ಟಿದ್ದರು. ಒಬ್ಬ ಲೇಖಕ ‘ನಾವು’ ಎಂದರೆ ಪತ್ರಿಕೆ ಒಪ್ಪುವುದಿಲ್ಲ ಎಂದು ಸಹೋದ್ಯೋಗಿ ಎಚ್ಚರಿಸಿದರು. ಇಡೀ ಪ್ರಬಂಧ ಮತ್ತೆ ಟೈಪು ಮಾಡುವ ಬದಲು ಮನೆಯ ಸಯಾಮಿ ಬೆಕ್ಕಿಗೆ ಎಫ್. ಡಿ. ಸಿ. ವಿಲ್ಲರ್ಡ್ ಎಂದು ಹೆಸರಿಟ್ಟು ಸಹಲೇಖಕನನ್ನಾಗಿ ಸೇರಿಸಿದರು. ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಪ್ರಬಂಧ ಅಚ್ಚಾಯಿತು. ಸರ್‌ನೇಮ್ ಬೆಕ್ಕಿಗೂ ಇತ್ತು ಎಂಬುದನ್ನು ಗಮನಿಸಬೇಕು.

ನಕಲು ತಪಾಸಣೆ ಎಂಬ ಇನ್ನೊಂದು ಸುಂಕದಕಟ್ಟೆ ಇದೆ. 2018ರ ಯುಜಿಸಿ ನಿಯಮದ ಪ್ರಕಾರ ನೂರಕ್ಕೆ ಹತ್ತರವರೆಗೆ ಹೋಲಿಕೆ ಕ್ಷಮ್ಯ. ಕದಿಯುವವರನ್ನು ಹಿಡಿಯಬೇಕಾದದ್ದೇ, ಅದರಲ್ಲಿ ತಕರಾರಿಲ್ಲ. ಆದರೆ ನೀರನ್ನು ಇಷ್ಟು ವೇಗದಲ್ಲಿ, ಇಷ್ಟು ನಿಮಿಷ ಗಿರಕಿ ಹೊಡೆಸಿದೆವು ಎಂಬುದನ್ನು ಜಗತ್ತಿನ ಎಲ್ಲ ಪ್ರಯೋಗಾಲಯಗಳೂ ಒಂದೇ ರೀತಿ ಬರೆಯುತ್ತವೆ, ಬರೆಯಲೂಬೇಕು. ಯಂತ್ರ ಅದಕ್ಕೂ ಕೆಂಪು ಬಳಿಯುತ್ತದೆ. ಹೆದರಿದ ಮಕ್ಕಳು ಪದ ಬದಲಿಸಿಕೊಡುವ ಸಾಫ್ಟ್‌ವೇರಿಗೆ ಮೊರೆಹೋಗುತ್ತಾರೆ. 2021ರಲ್ಲಿ ಸಂಶೋಧಕ ಗಿಯೋಮ್ ಕಬನಾಕ್ ಮತ್ತವರ ಸಂಗಡಿಗರು ಇಂಥ ಚಿತ್ರಹಿಂಸೆಗೊಳಗಾದ ಪದಗಳನ್ನು ಅಚ್ಚಾದ ಪ್ರಬಂಧಗಳಿಂದಲೇ ಹೆಕ್ಕಿ ತೋರಿಸಿದರು: ಕೃತಕ ಬುದ್ಧಿಮತ್ತೆ ಹೋಗಿ ‘ಖೋಟಾ ಪ್ರಜ್ಞೆ’ ಆಗಿತ್ತು, ಸ್ತನದ ಕ್ಯಾನ್ಸರು ‘ಎದೆಯ ಗಂಡಾಂತರ’ವಾಗಿತ್ತು. ಇವನ್ನೆಲ್ಲ ಯಾರೋ ಬರೆದು, ಯಾರೋ ಪರಿಶೀಲಿಸಿ, ಯಾರೋ ಸಂಪಾದಿಸಿದ್ದರು. ಹೋಲಿಕೆ ಮಾತ್ರ ಹತ್ತಕ್ಕಿಂತ ಕಡಿಮೆ ಬಂದಿರಬೇಕು.

ಇಷ್ಟು ಸಿದ್ಧವಾದ ಮೇಲೆ ಸಬ್ಮಿಷನ್. ಇಲ್ಲಿ ನನಗೆ ತಮ್ಮ ಹಳೆಯ ಗೆಳೆಯರೊಬ್ಬರು ನೆನಪಾಗುತ್ತಾರೆ, ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವನ್‌ಹೊಕ್. ನೂಲಿನ ಎಳೆ ನೋಡಲು ಭೂತಗನ್ನಡಿ ಹಿಡಿಯುವ ಕಸುಬಿನ ಮನುಷ್ಯ ತಾನೇ ಮಸೂರ ಮಾಡಿಕೊಂಡು, ಮಳೆನೀರಿನಲ್ಲಿ, ಮೆಣಸು ನೆನೆಹಾಕಿದ ನೀರಿನಲ್ಲಿ ಮಿಜಿಗುಟ್ಟುವ ಜೀವಗಳನ್ನು ಕಂಡು 1676ರಲ್ಲಿ ತಮಗೆ ಉದ್ದವಾದ ಕಾಗದ ಬರೆದರು. ಅವರಿಗೆ ಲ್ಯಾಟಿನ್ ಬಾರದು, ಇಂಗ್ಲಿಷ್ ಬಾರದು. ಬರೆದದ್ದು ಅವರ ಮನೆಮಾತು ಡಚ್ಚಿನಲ್ಲಿ. ತಾವು ಕೂತು ಅದನ್ನು ಇಂಗ್ಲಿಷಿಗೆ ತಂದು 1677ರಲ್ಲಿ ಅಚ್ಚು ಹಾಕಿಸಿದಿರಿ. ನಾನು ಈಗ ಹೊಟ್ಟೆಹೊರೆಯುತ್ತಿರುವ ಇಡೀ ಶಾಸ್ತ್ರಕ್ಕೆ ಆ ಕಾಗದವೇ ಬೀಜ.

ಅದೇ ಕಾಗದ ಇವತ್ತು ಬಂದಿದ್ದರೆ? ಮೊದಲ ಪುಟದಲ್ಲೇ ಸಂಸ್ಥೆಯ ಹೆಸರು ಕೇಳುತ್ತದೆ, ಇಳಿಪಟ್ಟಿಯಿಂದ ಆರಿಸಬೇಕು. ‘ಬಟ್ಟೆ ಅಂಗಡಿ, ಡೆಲ್ಫ್ಟ್’ ಪಟ್ಟಿಯಲ್ಲಿಲ್ಲ. ಸಾಂಸ್ಥಿಕ ಇಮೇಲ್? ಇಲ್ಲ. ಲೇಖಕರ ಹದಿನಾರಂಕಿಯ ಆರ್ಕಿಡ್ ಸಂಖ್ಯೆ? ಇಲ್ಲ. ಪದವಿ? ಇಲ್ಲ. ಭಾಷೆ? ಡಚ್, ಹಾಗಾದರೆ ಅಲ್ಲಿಗೇ ಮುಗಿಯಿತು. ಮುಂದೆ 1683ರಲ್ಲಿ ತನ್ನದೇ ಹಲ್ಲಿನ ಕೊಳೆಯನ್ನು ಕೆರೆದು ನೋಡಿ ಅದರಲ್ಲೂ ಜೀವಿಗಳಿವೆ ಎಂದು ಬರೆದರಲ್ಲ, ಅದಕ್ಕೆ ಮಾನವರ ಮೇಲಿನ ಪ್ರಯೋಗದ ನೈತಿಕ ಸಮಿತಿಯ ಅನುಮತಿ ಸಂಖ್ಯೆ ಬೇಕು. ಹಲ್ಲಿನ ಮಾಲೀಕರ ಲಿಖಿತ ಒಪ್ಪಿಗೆಯೂ ಬೇಕು. ಒಂದು ಮಾತು ನ್ಯಾಯವಾಗಿ ಹೇಳಬೇಕು: ಮಸೂರ ಮಾಡುವ, ಬೆಳಕು ಹಾಯಿಸುವ ತನ್ನ ಉತ್ತಮ ವಿಧಾನವನ್ನು ಲೀವನ್‌ಹೊಕ್ ಕೊನೆಗೂ ಬಿಟ್ಟುಕೊಡಲಿಲ್ಲ. ‘ವಿಧಾನ ವಿವರವಾಗಿಲ್ಲ’ ಎಂದು ಇವತ್ತಿನ ರಿವ್ಯೂವರ್ ವಾಪಸ್ ಕಳಿಸಿದ್ದರೆ ನಾನು ರಿವ್ಯೂವರ್ ಪಕ್ಷವೇ.

ತಾವು ನೋಡದೆ ಹೋದ ಒಂದು ಸುದ್ದಿ ಇಲ್ಲಿ ತಿಳಿಸಬೇಕು. ಮೆಣಸಿನ ನೀರಿನ ಆ ಕಾಗದವನ್ನು ಸೊಸೈಟಿಯ ಜನ ನಂಬಲು ಹಿಂದುಮುಂದು ನೋಡಿದ್ದರಲ್ಲವೇ? ತಾವು 1677ರ ಸೆಪ್ಟೆಂಬರಿನಲ್ಲಿ ಕಣ್ಮುಚ್ಚಿದಿರಿ. ನವೆಂಬರಿನಲ್ಲಿ ರಾಬರ್ಟ್ ಹುಕ್ ಮೆಣಸಿನ ನೀರು ತಯಾರಿಸಿ, ತನ್ನ ಸೂಕ್ಷ್ಮದರ್ಶಕದ ಕೆಳಗಿಟ್ಟು ಸೊಸೈಟಿಯ ಸದಸ್ಯರಿಗೆಲ್ಲ ತೋರಿಸಿದರು. ಜೀವಿಗಳು ಇದ್ದವು. ಲೀವನ್‌ಹೊಕ್ 1680ರಲ್ಲಿ ಸೊಸೈಟಿಯ ಫೆಲೋ ಆದರು. ತಮ್ಮ ಪರಮವೈರಿ ಹುಕ್ ಅವರೇ ಈ ಉಪಕಾರ ಮಾಡಿದ್ದು. ಗಡಿಯಾರದ ಸ್ಪ್ರಿಂಗನ್ನು ಮೊದಲು ಕಂಡುಹಿಡಿದವರು ಯಾರು ಎಂಬ ಜಗಳದಲ್ಲಿ ತಮ್ಮನ್ನು ಏನೆಲ್ಲ ಅಂದಿದ್ದರೂ, ಒಂದು ಪೇಪರನ್ನು ಪರಿಶೀಲಿಸುವುದು ಎಂದರೆ ಏನು ಎಂದು ಆ ಮನುಷ್ಯನಿಗೆ ಗೊತ್ತಿತ್ತು: ಮೆಣಸು ತಂದು ನೀರಿಗೆ ಹಾಕಿ ನೋಡುವುದು. ನನ್ನ ರಿವ್ಯೂವರುಗಳು ಕೆರೆಯ ತನಕ ಬರಲಿ ಎಂದು ನಾನು ಕೇಳುವುದಿಲ್ಲ. ಎರಡನೇ ಕೋಷ್ಟಕದ ತನಕ ಬಂದರೂ ಸಾಕು.

ಹುಕ್ ಹೆಸರು ಬಂದದ್ದರಿಂದ ನ್ಯೂಟನ್ನರ ಕತೆಯೂ ನೆನಪಾಯಿತು. 1672ರ ಫೆಬ್ರವರಿ ಮೊದಲ ವಾರ ಬೆಳಕು ಮತ್ತು ಬಣ್ಣಗಳ ಬಗ್ಗೆ ತಮಗೆ ಬರೆದ ಕಾಗದ ಅದೇ ತಿಂಗಳು ಅಚ್ಚಾಗಿ ಬಂದಿತ್ತು. ಹುಕ್ ಅದನ್ನು ಕಟುವಾಗಿ ಟೀಕಿಸಿದರು. ಫ್ರಾನ್ಸಿನಿಂದಲೂ ಲಿಯೇಜಿನಿಂದಲೂ ಆಕ್ಷೇಪಗಳು ಬಂದವು. ನ್ಯೂಟನ್ ಉತ್ತರ ಬರೆದು ಬರೆದು ಬೇಸತ್ತು, ನನ್ನನ್ನು ಸೊಸೈಟಿಯಿಂದಲೇ ಬಿಟ್ಟುಬಿಡಿ ಎಂದು ತಮಗೇ ಕಾಗದ ಹಾಕಿದರು. ಜಗಳದ ಬಹುಪಾಲು ಪತ್ರಿಕೆಯ ಪುಟದಲ್ಲೇ, ಓದುಗರ ಎದುರಿಗೆ. ಈಗಲೂ ಜಗಳ ಹಾಗೇ ಇದೆ, ಓದುಗರಿಗೆ ಮಾತ್ರ ಕಾಣುವುದಿಲ್ಲ.

ಪೇಪರ್ ಕಳಿಸಿದ ಮೇಲೆ ಪರದೆಯ ಮೇಲೆ ಒಂದು ಸಾಲು ಬರುತ್ತದೆ. ‘ಸಂಪಾದಕರ ಬಳಿ ಇದೆ.’ ವಾರಗಟ್ಟಲೆ ಅದೇ. ಆಮೇಲೆ ‘ಪರಿಶೀಲನೆಯಲ್ಲಿದೆ.’ ತಿಂಗಳುಗಟ್ಟಲೆ ಅದೇ. ನನ್ನ ವಿದ್ಯಾರ್ಥಿನಿ ಬೆಳಿಗ್ಗೆ ಎದ್ದು ದೇವರ ಫೋಟೋಕ್ಕೂ ಮೊದಲು ಆ ಸಾಲನ್ನು ನೋಡುತ್ತಾಳೆ. ಡಿಎನ್‌ಎ ರಚನೆಯ ಬಗ್ಗೆ ವಾಟ್ಸನ್ ಮತ್ತು ಕ್ರಿಕ್ 1953ರ ಏಪ್ರಿಲ್ ಆರಂಭದಲ್ಲಿ ಕಳಿಸಿದ ಒಂದು ಪುಟ ಚಿಲ್ಲರೆ ಉದ್ದದ ಟಿಪ್ಪಣಿ ಏಪ್ರಿಲ್ 25ರ ‘ನೇಚರ್’ ಸಂಚಿಕೆಯಲ್ಲಿತ್ತು, ಹೊರಗಿನ ಯಾವ ಪರಿಶೀಲಕರಿಗೂ ಹೋಗದೆ. ಪ್ರತಿ ಪ್ರಬಂಧವನ್ನೂ ಹೊರಗಿನವರಿಗೆ ತೋರಿಸುವ ಕಡ್ಡಾಯ ಪದ್ಧತಿ ಆ ಪತ್ರಿಕೆಗೆ ಬಂದದ್ದು 1973ರಲ್ಲಿ. ನಾವು ಸನಾತನ ಧರ್ಮ ಎಂದುಕೊಂಡಿರುವುದಕ್ಕೆ ನನಗಿಂತ ಹೆಚ್ಚು ವಯಸ್ಸಾಗಿಲ್ಲ.

ಹಾಗೆಂದು ಪರಿಶೀಲನೆಯೇ ಬೇಡ ಎನ್ನುವ ಗುಂಪಿನವನಲ್ಲ ನಾನು. 1936ರಲ್ಲಿ ಐನ್‌ಸ್ಟೈನ್ ಮತ್ತು ರೋಸೆನ್, ಗುರುತ್ವದ ಅಲೆಗಳು ಇಲ್ಲವೇ ಇಲ್ಲ ಎಂಬ ಪ್ರಬಂಧವನ್ನು ‘ಫಿಸಿಕಲ್ ರಿವ್ಯೂ’ಗೆ ಕಳಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ಒಬ್ಬ ತಜ್ಞರಿಗೆ ತೋರಿಸಿದರು; ತಜ್ಞರು ತಪ್ಪು ಎತ್ತಿ ತೋರಿಸಿದರು. ಅಚ್ಚಿಗೆ ಮೊದಲು ಬೇರೆಯವರಿಗೆ ತೋರಿಸಲು ನಿಮಗೆ ಹೇಳಿದವರು ಯಾರು ಎಂದು ಸಿಟ್ಟಾಗಿ ಐನ್‌ಸ್ಟೈನ್ ಪ್ರಬಂಧ ಹಿಂತೆಗೆದುಕೊಂಡು ಬೇರೆ ಕಡೆಗೆ ಕೊಟ್ಟರು. ಆದರೆ ತಜ್ಞರು ಹೇಳಿದ್ದೇ ಸರಿ. ಅಚ್ಚಾಗುವ ಹೊತ್ತಿಗೆ ತೀರ್ಮಾನವೇ ತಿರುಗಿತ್ತು. ಆ ತಜ್ಞರು ಹೋವರ್ಡ್ ರಾಬರ್ಟ್‌ಸನ್ ಎಂದು ಬಹಳ ವರ್ಷಗಳ ಮೇಲೆ ಗೊತ್ತಾಯಿತು. ಅಂಥವರೊಬ್ಬರು ನನ್ನ ಕೆರೆಯನ್ನೂ ಹಾಗೆ ಕೂತು ಓದಿದರೆ ಅವರ ಪಾದ ತೊಳೆಯಲು ನಾನು ಸಿದ್ಧ. ಇನ್ನೊಂದು ಪಕ್ಕದಲ್ಲಿ ಹ್ಯಾನ್ಸ್ ಕ್ರೆಬ್ಸ್ ಇದ್ದಾರೆ. 1937ರಲ್ಲಿ ‘ನೇಚರ್’ಗೆ ಕಳಿಸಿದ ಪತ್ರಕ್ಕೆ, ಏಳೆಂಟು ವಾರಕ್ಕೆ ಸಾಕಾಗುವಷ್ಟು ಪತ್ರಗಳು ನಮ್ಮಲ್ಲಿವೆ ಎಂಬ ಉತ್ತರ ಬಂತು. ಜಾಗವಿಲ್ಲದೆ ವಾಪಸಾದ ಆ ಸಂಗತಿಯನ್ನು ನಾವೀಗ ಪಿಯುಸಿ ಮಕ್ಕಳಿಗೆ ಕ್ರೆಬ್ಸ್ ಚಕ್ರ ಎಂದು ಬಾಯಿಪಾಠ ಮಾಡಿಸುತ್ತೇವೆ. 1953ರಲ್ಲಿ ಅವರಿಗೆ ನೊಬೆಲ್ ಬಂತು.

ನನ್ನ ಪೇಪರಿಗೆ ಬಂದ ಅಭಿಪ್ರಾಯಗಳು ಆ ಎತ್ತರದವಲ್ಲ. ಒಬ್ಬರು ಪೀಠಿಕೆ ತೀರಾ ಉದ್ದ ಎಂದರು, ಇನ್ನೊಬ್ಬರು ಪೀಠಿಕೆ ಸಾಲದು ಎಂದರು. ಇಬ್ಬರ ಮಾತನ್ನೂ ಶಿರಸಾವಹಿಸಿ ಪಾಲಿಸಿದ್ದೇವೆ ಎಂದು ಸಾಲು ಸಾಲಾಗಿ ಉತ್ತರ ಬರೆಯುವ ವಿದ್ಯೆ ನಮ್ಮಲ್ಲಿ ಸಂಶೋಧನೆಗಿಂತ ಮುಂದುವರಿದಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೂರನೆಯವರು ನಮ್ಮ ಕೆಲಸಕ್ಕೆ ಸಂಬಂಧವೇ ಇಲ್ಲದ ಕೆಲವು ಪ್ರಬಂಧಗಳನ್ನು ಉಲ್ಲೇಖಿಸಿದರೆ ಲೇಖನ ಬಹಳ ಸುಧಾರಿಸೀತು ಎಂದರು. ಎಲ್ಲದರಲ್ಲೂ ಒಬ್ಬರದೇ ಹೆಸರು ಸಮಾನವಾಗಿತ್ತು. ಸೇರಿಸಿದೆವು. ಸುಧಾರಿಸಿತು.

ಎಲ್ಲರೂ ಒಕ್ಕೊರಲಿನಿಂದ ಹೇಳಿದ್ದು ಒಂದೇ: ಇಂಗ್ಲಿಷ್ ಮಾತೃಭಾಷೆಯಾಗಿರುವವರಿಂದ ಲೇಖನವನ್ನು ತಿದ್ದಿಸಬೇಕು. ಅದೇ ಪ್ರಕಾಶಕರು ಅದೇ ಪುಟದ ಕೆಳಗೆ ಆ ಸೇವೆಯನ್ನೂ ಕಾಸಿಗೆ ಮಾರುತ್ತಾರೆ. ತಾವು ಬ್ರೆಮೆನ್ ಊರಿನ ಜರ್ಮನ್ನರು. ಇಂಗ್ಲಿಷ್ ಕಲಿತು, ವಿಜ್ಞಾನದ ಮೊದಲ ಇಂಗ್ಲಿಷ್ ಪತ್ರಿಕೆಯನ್ನು ನಡೆಸಿದವರು. ತಮ್ಮ ಸಂಪಾದಕೀಯವನ್ನು ಇವತ್ತು ಕಳಿಸಿದರೆ ಬರುವ ಮೊದಲ ಟಿಪ್ಪಣಿ ಯಾವುದೆಂದು ನಾನು ಹೇಳಬಲ್ಲೆ.

ಇನ್ನು ಹಣಕಾಸು. ಪೇಪರನ್ನು ಎಲ್ಲರೂ ಪುಕ್ಕಟೆ ಓದುವಂತಾಗಬೇಕಾದರೆ ಲೇಖಕನೇ ಶುಲ್ಕ ಕಟ್ಟಬೇಕು. ‘ನೇಚರ್’ ಈ ಯೋಜನೆಯನ್ನು ಪ್ರಕಟಿಸಿದಾಗ ಒಂದು ಪ್ರಬಂಧಕ್ಕೆ ಇಟ್ಟ ದರ 9,500 ಯೂರೋ. ಹೊಸದಾಗಿ ಸೇರುವ ಸಹಾಯಕ ಪ್ರಾಧ್ಯಾಪಕರ ಮೂಲವೇತನ ತಿಂಗಳಿಗೆ 57,700 ರೂಪಾಯಿ. ಒಂದು ವರ್ಷ ಉಪವಾಸವಿದ್ದರೂ ಸಾಲದು. ಬಡದೇಶಗಳಿಗೆ ರಿಯಾಯಿತಿ ಉಂಟು, ಆದರೆ ಹಲವು ಪ್ರಕಾಶಕರ ಆ ಪಟ್ಟಿಯಲ್ಲಿ ಭಾರತ ಇಲ್ಲ. ದೇಶದ ಘನತೆಯ ಪ್ರಶ್ನೆ, ಹೆಮ್ಮೆಯಿಂದ ಕಟ್ಟಬೇಕು. ಓದುವ ಖರ್ಚಿಗೆ ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ‘ಒಂದು ದೇಶ ಒಂದು ಚಂದಾ’ ಎಂದು ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿತು. ಮೂವತ್ತು ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಸಂಸ್ಥೆಗಳಿಗೆ ತೆರೆದುಕೊಂಡವು. ಒಳ್ಳೆಯದೇ ಆಯಿತು, ಸಂಶೋಧನೆಗೆ ಸಂಬಳ ಕೊಟ್ಟದ್ದೂ ಅದೇ ಖಜಾನೆ, ಅದನ್ನು ಓದಲು ಬಾಡಿಗೆ ಕೊಡುವುದೂ ಅದೇ ಖಜಾನೆ, ಲೆಕ್ಕ ಒಂದೇ ಪುಸ್ತಕದಲ್ಲಿ ಇರುತ್ತದೆ.

ಇಷ್ಟು ಕಷ್ಟ ಬೇಡ ಎನ್ನುವವರಿಗೆ ಬೇರೆ ಅಂಗಡಿಗಳಿವೆ. ‘ಪೂಜ್ಯ ಪ್ರಾಧ್ಯಾಪಕರೇ, ದಿನದ ಶುಭಾಶಯಗಳು, ತಮ್ಮ ಅಮೂಲ್ಯ ಲೇಖನಕ್ಕಾಗಿ ಕಾದಿದ್ದೇವೆ’ ಎಂದು ದಿನ ಬೆಳಗಾದರೆ ಇಮೇಲು. ಇಷ್ಟು ಮರ್ಯಾದೆ ನನಗೆ ಮಾವನ ಮನೆಯಲ್ಲೂ ಸಿಕ್ಕಿಲ್ಲ. ಪಿಎಚ್‌ಡಿಗೆ ಪೇಪರ್ ಬೇಕು, ಬಡ್ತಿಗೆ ಪೇಪರ್ ಬೇಕು ಎಂದು ಯುಜಿಸಿ ವಿಧಿಸಿದ್ದೇ ತಡ, ಅಣಬೆಯಂತೆ ಪತ್ರಿಕೆಗಳೆದ್ದವು. ಯುಜಿಸಿಯೇ ಒಪ್ಪಿದ್ದ ಪಟ್ಟಿಯಿಂದ 2018ರಲ್ಲಿ ಒಂದೇ ಸಲಕ್ಕೆ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತರು, ಶಾಲೆಯ ರಸಾಯನಶಾಸ್ತ್ರ ಬಲ್ಲವರಿಗೂ ಎದ್ದು ಕಾಣುವ ತಪ್ಪುಗಳನ್ನು ಬೇಕೆಂದೇ ತುಂಬಿದ ಸುಳ್ಳು ಪ್ರಬಂಧವನ್ನು 304 ಪತ್ರಿಕೆಗಳಿಗೆ ಕಳಿಸಿದರು. 157 ಪತ್ರಿಕೆಗಳು ಸ್ವೀಕರಿಸಿದವು. 2024ರಲ್ಲಿ ಸಾಕಷ್ಟು ಹೆಸರಿರುವ ಒಂದು ಪತ್ರಿಕೆಯಲ್ಲೇ, ಕೃತಕ ಬುದ್ಧಿಮತ್ತೆಯ ಯಂತ್ರ ಬರೆದುಕೊಟ್ಟ ಇಲಿಯ ಚಿತ್ರವೊಂದು, ಇಲಿಗಳೇ ನಾಚುವಂಥ ಅಂಗದ ಅಳತೆಯೊಂದಿಗೆ ಅಚ್ಚಾಗಿ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಳ್ಳಲಾಯಿತು. ಮರುವರ್ಷ ಕೆಲವು ಪ್ರಬಂಧಗಳೊಳಗೆ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಹೊಗಳಿಯೇ ಬರೆ’ ಎಂದು ಯಂತ್ರಕ್ಕೆ ಅಪ್ಪಣೆ ಅಡಗಿಸಿಟ್ಟದ್ದು ಬಯಲಾಯಿತು. ಪರಿಶೀಲಕರು ತಾವೇ ಓದುವುದಿಲ್ಲ ಎಂಬ ಭರವಸೆ ಲೇಖಕರಿಗೆ ಅಷ್ಟಿದೆ.

ಇದೆಲ್ಲ ನಮ್ಮ ನೆಲದ ಹವಾಮಾನ ಎಂದು ತಾವು ತಿಳಿಯಬಾರದು. ಇಲ್ಲೂ ತಮ್ಮಂಥವರಿದ್ದರು. ಸಿ. ವಿ. ರಾಮನ್ 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡದ್ದನ್ನು ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಎದುರು ‘ಹೊಸದೊಂದು ವಿಕಿರಣ’ ಎಂದು ಉಪನ್ಯಾಸ ಕೊಟ್ಟರು. ಅದೇ ತಿಂಗಳ ಕೊನೆಗೆ ಅದು ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಅಚ್ಚಾಗಿ, ಪ್ರತಿಗಳು ದೇಶದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಹೊರಟವು. ಆ ಪತ್ರಿಕೆ ಅವರೇ ಎರಡು ವರ್ಷದ ಹಿಂದೆ ಆರಂಭಿಸಿದ್ದು. ತನ್ನ ಪತ್ರಿಕೆಯಲ್ಲಿ ತನ್ನದೇ ಲೇಖನ! ನಮ್ಮ ಬಡ್ತಿ ಸಮಿತಿಯ ಎದುರು ರಾಮನ್ ಬಂದಿದ್ದರೆ ಹಿತಾಸಕ್ತಿ ಸಂಘರ್ಷ ಎಂದು ಆ ಪೇಪರಿಗೆ ಸೊನ್ನೆ ಅಂಕ ಬೀಳುತ್ತಿತ್ತು. ಸಮಿತಿ ಕೇಳುವುದು ಇಂಪ್ಯಾಕ್ಟ್ ಫ್ಯಾಕ್ಟರ್, ಪತ್ರಿಕೆಗೆ ಸಿಗುವ ಉಲ್ಲೇಖಗಳ ಲೆಕ್ಕ. ಯೂಜೀನ್ ಗಾರ್ಫೀಲ್ಡ್ ಮತ್ತವರ ಸಂಗಡಿಗರು ಕಟ್ಟಿದ ಆ ಲೆಕ್ಕ ಪತ್ರಿಕೆಗಳನ್ನು ಹೋಲಿಸಿ ಆರಿಸಲು. ನಾವು ಅದನ್ನು ಮನುಷ್ಯರಿಗೆ ಹಚ್ಚಿದೆವು. ಬೆಂಗಳೂರಿನಿಂದ 1932ರಿಂದ ಬರುತ್ತಿರುವ ‘ಕರೆಂಟ್ ಸೈನ್ಸ್’, ರಾಮನ್ 1934ರಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಗಳು, ಇವೆಲ್ಲ ಈಗಲೂ ನಡೆಯುತ್ತಿವೆ. ಕೆರೆಯ ವಿಷಯ ಅಲ್ಲಿಗೇ ಕಳಿಸಿ ಎಂದು ನಾನು ಹೇಳಿದರೆ ನನ್ನ ವಿದ್ಯಾರ್ಥಿನಿ, ‘ಸಾರ್, ಇಂಟರ್‌ವ್ಯೂನಲ್ಲಿ ಮೇಲಿನ ದರ್ಜೆಯ ಕ್ಯೂ-ಒನ್ ಜರ್ನಲ್ಲೇ ಕೇಳ್ತಾರೆ’ ಎನ್ನುತ್ತಾಳೆ. ಅವಳು ಹೇಳುವುದು ನಿಜ. ಕೆಲಸ ಬೇಕಾದವಳು ಅವಳು.

ನಮ್ಮ ಪೇಪರಿನ ಒಳಗೆ ಏನಿದೆ ಎಂದು ತಾವೂ ಕೇಳಲಿಲ್ಲ, ಬೇರೆ ಯಾರೂ ಕೇಳಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಬೇಸಿಗೆಯ ಕೊನೆಗೆ, ಮೊದಲ ಮಳೆಯ ನೀರು ಚರಂಡಿಯನ್ನು ತೊಳೆದುಕೊಂಡು ಕೆರೆಗೆ ಬಿದ್ದಾಗ, ಕೆಲವು ವಾರ ಆ ನೀರನ್ನು ದನಕ್ಕೂ ಕುಡಿಸಬಾರದು. ಇಷ್ಟೇ. ಅಚ್ಚಾದ ಮೇಲೆ ಏರಿ ಕೆಳಗಿನ ರೈತ ಇದನ್ನು ತಿಳಿಯಬೇಕಾದರೆ ಇಂಗ್ಲಿಷ್ ಕಲಿತು, ಮೂವತ್ತು ನಲವತ್ತು ಡಾಲರ್ ಕೊಟ್ಟು ಡೌನ್‌ಲೋಡ್ ಮಾಡಿಕೊಳ್ಳಬಹುದು. ಮೊದಲೇ ಊರಲ್ಲಿ ಹೇಳಿಬಿಡೋಣವೆಂದರೆ, ಪೇಪರ್ ಬರುವ ತನಕ ಬಾಯಿಬಿಡಬೇಡಿ, ಹೊಸತನ ಹೋಗುತ್ತದೆ ಎಂದು ಹಿತೈಷಿಗಳು ಎಚ್ಚರಿಸಿದರು. ನಾನು ಪಂಚಾಯ್ತಿಗೆ ಒಂದು ಹಾಳೆ ಕನ್ನಡದಲ್ಲಿ ಬರೆದು ಕೊಟ್ಟುಬಂದೆ. ಅಲ್ಲಿ ಯಾರೂ ಸರ್‌ನೇಮ್ ಕೇಳಲಿಲ್ಲ. ಮೂರು ಪ್ರಶ್ನೆ ಕೇಳಿದರು, ಮೂರೂ ನಮ್ಮ ರಿವ್ಯೂವರುಗಳು ಕೇಳಬೇಕಾಗಿದ್ದವು.

ಪೋರ್ಟಲ್ ನನ್ನನ್ನು ಹೊರಹಾಕುವ ಹೊತ್ತಾಯಿತು, ನಿಯಮದಂತೆ ಘೋಷಣೆಗಳನ್ನು ಬರೆದು ಮುಗಿಸುತ್ತೇನೆ. ಈ ಪತ್ರದಲ್ಲಿ ಲೇಖಕರಿಗೆ ಹಿತಾಸಕ್ತಿ ಸಂಘರ್ಷ ಇದೆ. ಅವರ ಬಡ್ತಿಯ ಕಡತ ಇನ್ನೂ ಮೇಜಿನ ಮೇಲಿದೆ. ಧನಸಹಾಯ ಯಾರೂ ಮಾಡಿಲ್ಲ. ಕೆರೆಯ ಮೂಲ ದತ್ತಾಂಶ ಕೆರೆಯಲ್ಲೇ ಇದೆ, ನೀರಿರುವ ತನಕ ಯಾರು ಬೇಕಾದರೂ ನೋಡಬಹುದು. ಸೂಚಿತ ಪರಿಶೀಲಕರು: ಮೆಣಸು ಕೊಳ್ಳಲು ಕಾಸಿದ್ದರೆ ಶ್ರೀ ರಾಬರ್ಟ್ ಹುಕ್. ಬೇಡವಾದ ಪರಿಶೀಲಕರು: ಈ ಪತ್ರ ತಮ್ಮನ್ನೇ ಕುರಿತದ್ದು ಎಂದು ಅನುಮಾನ ಬಂದವರೆಲ್ಲರೂ.

ಇಂತಿ ತಮ್ಮ ವಿಧೇಯ,
ಕರೆಸ್ಪಾಂಡಿಂಗ್ ಆಥರ್